ಬೀಗರ ಮನೆ ಸುತ್ತಿದ ಕಂಪ್ಯೂಟರ್

ಕುರುಗೋಡು
5 ಜನವರಿ 2025

ಜಯಶ್ರೀಗೆ ನಿನ್ನ ಸೋದರತ್ತೆ ದೊಡ್ಡಬಸಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನೀನು ಕೊಟ್ಟ ಕಂಪ್ಯೂಟರ್ ಒಂದನ್ನು ಬಿಟ್ಟು.

ಹೊಸ ವರ್ಷದ ದಿನ ಪರದೆಯ ಮೂಲೆಯಲ್ಲಿ ಒಂದು ಚೀಟಿ ಮೂಡಿ, ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು. ಬಾಗಿಲಿಗೆ ಬಂದು ಇಷ್ಟು ಮರ್ಯಾದೆಯಿಂದ ಕೇಳಿದವರಿಗೆ ಒಲ್ಲೆ ಎನ್ನುವುದು ಹೇಗೆ? ಹೂಂ ಎಂದು ಒತ್ತಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಅಂದಿನಿಂದ ಅದಕ್ಕೆ ಏನೋ ಹೊಕ್ಕಿದೆ. ಒಂದು ಅಕ್ಷರ ಒತ್ತಿ, ಒಳಗೆ ಹೋಗಿ ಹಾಲು ಇಳಿಸಿ ಬಂದರೆ ಆಗ ಅಕ್ಷರ ಕಾಣಿಸುತ್ತದೆ. ಮೌಸು ಎಳೆದರೆ ಕೆಸರುಗದ್ದೆಯಲ್ಲಿ ಬಂಡಿ ಎಳೆದ ಹಾಗೆ. ಲಿನಕ್ಸ್ ಹಾಕಿದರೆ ಹಳೇ ಯಂತ್ರವೂ ಕುದುರೆಯಾಗುತ್ತದೆ ಅಂದಿದ್ದೆಯಲ್ಲ, ಎರಡು ವರ್ಷ ಕುದುರೆಯೇ ಆಗಿತ್ತು. ಈಗ ಮಲಗಿದ ಎಮ್ಮೆ.

ಬೇರೆ ಕಾಲದಲ್ಲಾಗಿದ್ದರೆ ನಿನಗೆ ತೊಂದರೆ ಕೊಡುತ್ತಿರಲಿಲ್ಲ. ಫೆಬ್ರವರಿ ಹದಿನಾರಕ್ಕೆ ನಮ್ಮ ಮಗಳು ಭಾಗ್ಯಳಿಗೂ ನಿನ್ನ ಮೈದುನ ಹುಲುಗೇಶನಿಗೂ ಸಿರುಗುಪ್ಪದಲ್ಲಿ ಮದುವೆ. ಅಕ್ಕಿಕಾಳು ಬಿದ್ದ ಮೇಲೆ ಹಂದರದಲ್ಲಿ ಬೀಗರ ಹಾಡು ಇದ್ದೇ ಇದೆ. ಅವರ ಕಡೆಯದೊಂದು ಪದ, ನಮ್ಮ ಕಡೆಯದೊಂದು ಪದ. ಯಾರ ಬಾಯಿ ಕಟ್ಟಿತೋ ಅವರು ಸೋತರು. ನಮ್ಮ ಹುಡುಗಿಯರಿಗೆ ಒಂದು ಪದವೂ ಬಾರದು. ಭಾಗ್ಯಳನ್ನು ಕೇಳಿದರೆ, "ಯವ್ವಾ, ಡಿಜೆ ಹಚ್ಚಿದರ ಸಾಕು ಬಿಡು" ಎನ್ನುತ್ತಾಳೆ. ಅದಕ್ಕೇ ನನಗೆ ಬರುವ ಹಾಡೆಲ್ಲ ಸೇರಿಸಿ ಸಣ್ಣ ಪುಸ್ತಕ ಮಾಡುತ್ತಿದ್ದೇನೆ, ನೋಡಿಕೊಂಡಾದರೂ ಹಾಡಲಿ. ಈ ಸಲ ನಾನು ಹಿಂದೆ ಕೂತಿರುತ್ತೇನೆ. ಗಂಟಲು ಸರಿಯಿಲ್ಲ.

ಪುಸ್ತಕ ಅರ್ಧಕ್ಕೆ ನಿಂತಿದೆ. ಏನು ಮಾಡಲಿ, ಬರೆ. ಫೋನ್ ಮಾಡಬೇಡ. ಮದುವೆಯ ಸೀರೆ ಕೊಳ್ಳಲೆಂದು ಹುಲುಗೇಶನ ತಾಯಿ, ನಿನ್ನತ್ತೆ ಗಿಡ್ಡಮ್ಮ ಕಂಟೋನ್ಮೆಂಟಿನ ನಿಮ್ಮ ಮನೆಯಲ್ಲೇ ಬಂದು ಕೂತಿದ್ದಾಳೆಂದು ಕೇಳಿದೆ. ಮದುವೆ ಮುಗಿಯುವವರೆಗೆ ನೀನೂ ಶತ್ರು ಪಾಳೆಯದವಳೇ, ನೆನಪಿರಲಿ.

ನಿನ್ನತ್ತೆ,
ದೊಡ್ಡಬಸಮ್ಮ


ಕಂಟೋನ್ಮೆಂಟ್, ಬಳ್ಳಾರಿ
8 ಜನವರಿ 2025

ಕುರುಗೋಡತ್ತೆಗೆ ಶತ್ರು ಪಾಳೆಯದಿಂದ ನಮಸ್ಕಾರ.

ಯಂತ್ರಕ್ಕೆ ದೆವ್ವ ಹೊಕ್ಕಿಲ್ಲ, ಹೆದರಬೇಡಿ. ಅಪ್‌ಡೇಟ್ ಆದ ಮೇಲೆ ಒಳಗಿನ ಯಾವುದೋ ಒಂದು ಪ್ರೋಗ್ರಾಂ ಬಿಡುವಿಲ್ಲದೆ ದುಡಿಯುತ್ತಿರಬಹುದು. ಯಂತ್ರದ ಮೆದುಳನ್ನೆಲ್ಲ ಅದೊಂದೇ ತಿಂದರೆ ನಿಮ್ಮ ಅಕ್ಷರಕ್ಕೆ ಎಲ್ಲಿ ಜಾಗ? ಅದು ಹೌದೋ ಅಲ್ಲವೋ ತಿಳಿಯಲು ಎರಡು ಪ್ರಶ್ನೆ. ಡಬ್ಬಿ ಮುಟ್ಟಿದರೆ ಬಿಸಿ ಇದೆಯೇ? ಒಳಗಿನ ಫ್ಯಾನು ಜೋರಾಗಿ ಸದ್ದು ಮಾಡುತ್ತಿದೆಯೇ? ಮೆದುಳು ಹೆಚ್ಚು ದುಡಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನು ಕೂಗುತ್ತದೆ.

ನಮ್ಮ ಔಷಧಿ ಅಂಗಡಿಯಿಂದ ಗಂಟಲಿನ ಗುಳಿಗೆ ಕಳಿಸಿದ್ದೇನೆ. ಚೀಪಬೇಕು, ನುಂಗಬಾರದು. ನೀವು ಹಿಂದೆ ಕೂತರೆ ಹಂದರಕ್ಕೆ ಕಳೆಯೆಲ್ಲಿ ಅತ್ತೆ?

ಜಯಶ್ರೀ


ಕುರುಗೋಡು
11 ಜನವರಿ 2025

ಜಯಶ್ರೀ,

ಬಿಸಿ ಕೇಳಬೇಡ. ನಮ್ಮ ಬೆಕ್ಕು ಒಲೆಯ ಬದಿ ಬಿಟ್ಟು ಈಗ ಡಬ್ಬಿಯ ಮೇಲೆ ಮಲಗುತ್ತದೆ. ನಿನ್ನೆ ಅದರ ಮೇಲೆ ಹಪ್ಪಳ ಇಟ್ಟು ನೋಡಿದೆ, ಸಂಜೆಗೆ ಗರಿಗರಿ.

ಸದ್ದು ಮಾತ್ರ ಒಂದು ಚೂರೂ ಇಲ್ಲ. ಬೆಕ್ಕಿಗಿಂತ ಮೌನವಾಗಿದೆ. ನಮ್ಮ ಮನೆಯವರು, ನಿಮ್ಮ ಮಾವ, ಹತ್ತಿರ ಬಂದು, "ಏನ ಇದು, ಗಿರಣಿ ಇಟ್ಟೀ ಏನು ಮನಿಯಾಗ? ಮಧ್ಯಾಹ್ನ ಒಂದು ಗಳಿಗಿ ಕಣ್ಣು ಮುಚ್ಚಾಕ ಬಿಡವಲ್ದು" ಎಂದು ಕೂಗಾಡಿದರು. ಅವರ ಮಾತು ಲೆಕ್ಕಕ್ಕಿಡಬೇಡ. ನಾನು ಆ ಡಬ್ಬಿಯ ಮುಂದೆ ಕೂತರೆ ಅವರ ಚಹಾ ತಡವಾಗುತ್ತದೆ, ಅದರ ಹೊಟ್ಟೆಯುರಿ.

ಗುಳಿಗೆ ರುಚಿಯಾಗಿವೆ. ಅವರೇ ತಿಂದು ಮುಗಿಸಿದರು.

ದೊಡ್ಡಬಸಮ್ಮ


ಬಳ್ಳಾರಿ
14 ಜನವರಿ 2025

ಅತ್ತೆ, ಸಂಕ್ರಾಂತಿಯ ಎಳ್ಳುಬೆಲ್ಲ ಇದರ ಜೊತೆಗಿದೆ.

ಬಿಸಿ ಇದೆ, ಸದ್ದಿಲ್ಲ ಅಂದರೆ ಫ್ಯಾನೇ ಸತ್ತಿದೆ! ನಾನು ಸುಮ್ಮನೆ ಅಪ್‌ಡೇಟಿನ ಮೇಲೆ ಗೂಬೆ ಕೂರಿಸಿದೆ. ಕರೆಂಟಿನ ವೈರು ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ಧೂಳನ್ನು ಮೆತ್ತನೆ ಬ್ರಶ್ಶಿನಿಂದ ತೆಗೆಯಿರಿ. ಫ್ಯಾನು ಬೆರಳಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆಯೇ ನೋಡಿ. ಕಟ್ಟಿಕೊಂಡಿದ್ದರೆ ಇಲ್ಲಿಂದ ಹೊಸದು ಕಳಿಸುತ್ತೇನೆ.

ನಮ್ಮತ್ತೆ ಪಕ್ಕದಲ್ಲೇ ಕೂತು ಎಳ್ಳು ಹಸನು ಮಾಡುತ್ತಿದ್ದಾರೆ. ನಿಮ್ಮ ಪುಸ್ತಕದ ಸುದ್ದಿ ಹೇಗೋ ಅವರಿಗೆ ಗೊತ್ತಾಗಿದೆ. "ಅಕಿ ಪೆಟಿಗ್ಯಾಗ ನನ್ನ ಹೆಸರು ಐತೇನು ಕೇಳವಾ. ಐತಿ ಅಂದರ ಯಾವ ಪದದಾಗ ಐತಿ, ಅದನ್ನೂ ಕೇಳು" ಎನ್ನುತ್ತಿದ್ದಾರೆ. ನಾನು ಕೇಳಿದ್ದೇನೆ, ಅಷ್ಟೇ. ಹೇಳಲೇಬೇಕೆಂದಿಲ್ಲ.

ಜಯಶ್ರೀ


ಕುರುಗೋಡು
18 ಜನವರಿ 2025

ಜಯಶ್ರೀ,

ಮುಚ್ಚಳ ಬಿಚ್ಚಿದೆವು. ಧೂಳೆಂದರೆ ಧೂಳೇ, ಒಂದು ಸಣ್ಣ ದಿಂಬು ತುಂಬಬಹುದಿತ್ತು. ನಿಮ್ಮ ಮಾವ ಮೆಣಸಿನಕಾಯಿ ಚೀಲ ಒದರುವ ಹಾಗೆ ಡಬ್ಬಿಯನ್ನೇ ಎತ್ತಿ ಒದರಲು ಹೋದರು, ಕೈ ಹಿಡಿದು ಕೂರಿಸಿದೆ. ಫ್ಯಾನು ಬೆರಳು ತಾಗಿದರೆ ಸಾಕು, ಮದುವೆಗೆ ಹೊರಟ ಹುಡುಗಿಯ ಹಾಗೆ ಗಿರ್ರನೆ ತಿರುಗುತ್ತದೆ. ಕರೆಂಟು ಕೊಟ್ಟ ಮೇಲೂ ತಿರುಗಿತು, ಕಣ್ಣಾರೆ ನೋಡಿದೆ. ಆದರೂ ಯಂತ್ರ ಎಮ್ಮೆಯೇ.

ನಿನ್ನತ್ತೆಗೆ ಹೇಳು: ಹೆಸರು ಇದೆ. ಒಂದೇ ಪದದಲ್ಲಲ್ಲ.

ಪುಸ್ತಕ ಒಂದು ಪುಟವೂ ಮುಂದೆ ಹೋಗಿಲ್ಲ. ಹುಡುಗಿಯರು ಬರಿಗೈಯಲ್ಲಿ ಹಂದರಕ್ಕೆ ಬಂದರೆ ಗಿಡ್ಡಮ್ಮ ಒಬ್ಬಳೇ ನಮ್ಮನ್ನೆಲ್ಲ ಹಾಡಿ ಹೂತುಬಿಡುತ್ತಾಳೆ. ನನ್ನ ಮಗಳ ಮದುವೆಯಲ್ಲಿ ನಮ್ಮ ಕಡೆ ಬಾಯಿಲ್ಲ ಎನ್ನಿಸಿಕೊಳ್ಳಬೇಕೇ?

ದೊಡ್ಡಬಸಮ್ಮ


ಬಳ್ಳಾರಿ
21 ಜನವರಿ 2025

ಅತ್ತೆ,

ಫ್ಯಾನು ತಿರುಗುತ್ತಿದೆ, ಬಿಸಿಯೂ ಇದೆ, ಸದ್ದು ಮಾತ್ರ ಇಲ್ಲ. ಇದು ನನಗೆ ಅರ್ಥವಾಗುತ್ತಿಲ್ಲ. ಹೋಗಲಿ, ಯಂತ್ರವನ್ನೇ ಕೇಳೋಣ. 'ಸಿಸ್ಟಮ್ ಮಾನಿಟರ್' ಎಂಬುದನ್ನು ತೆರೆಯಿರಿ. ಒಳಗೆ ಯಾರು ಯಾರು ಎಷ್ಟೆಷ್ಟು ದುಡಿಯುತ್ತಿದ್ದಾರೆಂದು ಹಾಜರಿ ಪಟ್ಟಿಯ ಹಾಗೆ ಕಾಣುತ್ತದೆ. ಎಲ್ಲರಿಗಿಂತ ಮೇಲಿರುವವನ ಹೆಸರು ಬರೆದು ಕಳಿಸಿ. ಅವನ ಮೇಲೆ ಬಲಗಡೆ ಗುಂಡಿ ಒತ್ತಿ 'ಮುಗಿಸು' ಎಂಬುದನ್ನು ಆರಿಸಿದರೆ ಸುಮ್ಮನಾಗುತ್ತಾನೆ. ಮತ್ತೆ ಏಳುತ್ತಾನೋ ನೋಡಿ.

ಗಂಟಲು ಹೇಗಿದೆ? ಈ ಸಲ ಕಷಾಯದ ಪುಡಿ ಕಳಿಸಿದ್ದೇನೆ. ಮಾವನಿಗೆ ಕೊಡಬೇಡಿ.

ಜಯಶ್ರೀ


ಕುರುಗೋಡು
25 ಜನವರಿ 2025

ಜಯಶ್ರೀ,

ಕಳ್ಳ ಸಿಕ್ಕ! ಇಂಗ್ಲಿಷಿನಲ್ಲಿ ಉದ್ದ ಹೆಸರಿದೆ, ಅಕ್ಷರ ಅಕ್ಷರ ನೋಡಿ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಭಾಗ್ಯ ತಾನು ಪಾಠ ಹೇಳುವ ತೆಕ್ಕಲಕೋಟೆಯ ಸಾಲೆಯಿಂದ ನಿನ್ನೆ ಬಂದಾಗ ಅದನ್ನು ಓದಿ, ಇವನು ಹುಡುಕುವ ಕೆಲಸದವನು ಎಂದಳು. ನಾವು ಒಂದು ಮಾತು ಕೊಟ್ಟರೆ ಅದು ಯಾವ ಹಾಡಿನಲ್ಲಿದೆ ಎಂದು ತಟ್ಟನೆ ಹೇಳಲು ಎಲ್ಲ ಫೋಲ್ಡರಿನ ಎಲ್ಲ ಹಾಡನ್ನೂ ಮೊದಲೇ ಓದಿಟ್ಟುಕೊಳ್ಳುತ್ತಾನಂತೆ. ಒಳ್ಳೆಯ ಕೆಲಸವೇ. ಆದರೆ ಅವನೊಬ್ಬನೇ ಎಲ್ಲ ತಿನ್ನುತ್ತಿದ್ದಾನೆ. 'ಮುಗಿಸು' ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಮತ್ತೆ ಮೇಲೆ ಕೂತ. ಮತ್ತೆ ಮುಗಿಸಿದೆ, ಮತ್ತೆ ಕೂತ. ಸಾಕಾಗಿ ಅವನಿಗೆ ಕೈಮುಗಿದೆ.

ನನ್ನ ಹಾಡೆಲ್ಲ 'ಬೀಗರು' ಎಂಬ ಒಂದು ಫೋಲ್ಡರಿನಲ್ಲಿವೆ. ಅದರೊಳಗೆ ಹುಡುಕಬೇಡ ಎಂದು ಅವನಿಗೆ ಹೇಳಬಹುದು, ಸೆಟ್ಟಿಂಗಿನಲ್ಲಿ ಅಂಥ ಜಾಗವಿದೆ ಎಂದಳು ಭಾಗ್ಯ. ಬೇಡ ಎಂದೆ. ಹುಡುಕದಿದ್ದರೆ ಉಪ್ಪಿನ ಹಾಡೆಲ್ಲಿ, ಮೂಗುತಿಯ ಹಾಡೆಲ್ಲಿ, ನಾನು ಹೇಗೆ ತಿಳಿಯಲಿ? ಆ ಫೋಲ್ಡರಿನಲ್ಲಿ ಏನಿದೆ ಎಂದು ನೀನು ಕೇಳುತ್ತೀ, ಗೊತ್ತು. ಹೇಳುವುದಿಲ್ಲ. ನೀನು ಗಿಡ್ಡಮ್ಮನ ಸೊಸೆ.

ಕಷಾಯದ ಪುಡಿ ಬೇಡವಾಗಿತ್ತು.

ದೊಡ್ಡಬಸಮ್ಮ

(ಹಾಳೆಯ ಹಿಂದೆ, ದಪ್ಪ ಅಕ್ಷರದಲ್ಲಿ)

ಜಯಶ್ರೀ, ನಾ ನಿಮ್ಮ ಮಾವ ಎರ್ರಣ್ಣ. ಅಂಚಿ ಡಬ್ಬಿ ಮುಂದ ನಿಂತು ಬರಿಯಾಕ ಹತ್ತೀನಿ. ನಿಮ್ಮತ್ತಿ ಗಂಟಲು ಗಟ್ಟಿ ಐತಿ, ನನ್ನ ಬೈಯೋವಾಗ ಅರ್ಧ ಓಣಿಗೆ ಕೇಳತೈತಿ. ಕೇಳದಿರೋದು ಕಿವಿ. ಆ ಡಬ್ಬಿ ಮೂರು ಹೊತ್ತೂ ಒದರತೈತಿ, ಅಕಿಗೆ ಗೊತ್ತಾಗಂಗಿಲ್ಲ. ಬಳ್ಳಾರಿ ಡಾಕ್ಟರ ಕಡೆ ಕಿವಿ ಮಷಿನ್ ಕೊಡಿಸೀನಿ, ಸಾಸಿವಿ ಡಬ್ಬ್ಯಾಗ ಇಟ್ಟಾಳ. ಹಾಕ್ಕೋ ಅಂದರ, "ನಾ ಏನ ಮುದುಕಿ ಏನು" ಅಂತಾಳ. ಗಿಡ್ಡಮ್ಮ ಹಾಡೋ ಪದ ಕೇಳಲಿಲ್ಲ ಅಂದರ ಉತ್ತರ ಕೊಡೋದು ಹೆಂಗ ಅಂತ ಅಂಜಿ ಹಿಂದ ಕುಂದರತೀನಿ ಅಂತಾಳ. ಪುಸ್ತಕ ಮಾಡೋದೂ ಅದಕ್ಕ. ಮಗಳ ಮದುವ್ಯಾಗ ಅಕಿ ಹಾಡಲಿಲ್ಲ ಅಂದರ ನನಗ ಹುಗ್ಗಿ ಸೇರಂಗಿಲ್ಲ ನೋಡವಾ. ನಾ ಬರದದ್ದು ಅಕಿಗೆ ಹೇಳಬ್ಯಾಡ.


ಬಳ್ಳಾರಿ
28 ಜನವರಿ 2025

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಇನ್ನು ಮೇಲೆ ಗಂಟಲಿನ ಔಷಧಿ ಕಳಿಸುವುದಿಲ್ಲ.

'ಬೀಗರು' ಫೋಲ್ಡರಿನಲ್ಲಿ ಏನಿದೆ ಎಂದು ಕೇಳುವುದೂ ಇಲ್ಲ. ಕೇಳದೆಯೇ ಪತ್ತೆ ಹಚ್ಚುವ ದಾರಿ ಒಂದಿದೆ. ಅದರೊಳಗೆ ಬೇರೆ ಬೇರೆ ಫೋಲ್ಡರು ಇದ್ದೇ ಇರುತ್ತವೆ. ಒಂದೊಂದನ್ನೇ ಎತ್ತಿ ಪೆನ್‌ಡ್ರೈವಿನಲ್ಲಿ ಹಾಕಿ. ಒಂದನ್ನು ಎತ್ತಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಫ್ಯಾನಿನ ಸದ್ದು ಆಲಿಸಿ. ಸದ್ದು ಇಳಿಯಿತೇ? ಹಾಗಾದರೆ ಎತ್ತಿದ ಫೋಲ್ಡರಿನಲ್ಲೇ ತೊಡಕಿದೆ. ಇಳಿಯಲಿಲ್ಲವೇ? ಅದನ್ನು ಮರಳಿ ಇಟ್ಟು ಇನ್ನೊಂದನ್ನು ಎತ್ತಿ.

ಆ ಸದ್ದು ಬಹಳ ಸಣ್ಣದಾಗಿಯೂ ಇರಬಹುದು. ಆಲಿಸುವ ಕೆಲಸ ನೀವೇ ಮಾಡಬೇಕು.

ಜಯಶ್ರೀ


ಕುರುಗೋಡು
31 ಜನವರಿ 2025

ಜಯಶ್ರೀ,

ಪರದೆಯ ಮೇಲೆ ಅವನ ಹೆಸರಿನ ಮುಂದೆ ಅಂಕಿ ಕಾಣುತ್ತದಲ್ಲ, ಅದನ್ನೇ ನೋಡಿದರಾಯಿತು. ಕಿವಿ ಯಾಕೆ? ಬೇಕೇ ಬೇಕೆಂದರೆ ನಿಮ್ಮ ಮಾವ ಆಲಿಸಲಿ, ಅವರಿಗೆ ಬೇರೆ ಕೆಲಸವೇನಿದೆ.

ದೊಡ್ಡಬಸಮ್ಮ


ಬಳ್ಳಾರಿ
3 ಫೆಬ್ರವರಿ 2025

ಅತ್ತೆ,

ಅಂಕಿಯನ್ನು ನಂಬಬೇಡಿ. ಯಂತ್ರವೇ ಏದುಸಿರು ಬಿಡುವಾಗ ಅದು ತೋರಿಸುವ ಅಂಕಿಯೂ ತೂಕಡಿಸುತ್ತದೆ. ಇನ್ನು ಮಾವನಿಗೆ ಮಿಕ್ಸಿಯೂ ಗಿರಣಿ, ಸೊಳ್ಳೆಯೂ ಗಿರಣಿ. ಒಂದು ಪದ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಗೆರೆ ಎಳೆದ ಹಾಗೆ ಹೇಳುವ ಕಿವಿ ನಮ್ಮ ಮನೆತನದಲ್ಲಿ ಒಂದೇ ಇದೆ. ಚಿಕ್ಕವಳಿದ್ದಾಗ ನಮ್ಮ ತವರು ತೆಕ್ಕಲಕೋಟೆಯ ಹಿತ್ತಲಲ್ಲಿ ನಾನು ತಪ್ಪು ಹಾಡಿದರೆ ಅಡುಗೆಮನೆಯಿಂದಲೇ ತಿದ್ದುತ್ತಿದ್ದವರು ಯಾರು?

ಮದುವೆ ಎದುರಿಗೇ ಇದೆ. ನಮ್ಮತ್ತೆ ದಿನವೂ ಕನ್ನಡಿ ಮುಂದೆ ನಿಂತು ಹಾಡಿ ಹಾಡಿ ಹದ ಮಾಡಿಕೊಳ್ಳುತ್ತಿದ್ದಾರೆ.

ಜಯಶ್ರೀ


ಕುರುಗೋಡು
6 ಫೆಬ್ರವರಿ 2025

ನನ್ನ ಕಳ್ಳಿ ಜಯಶ್ರೀಗೆ,

ಅಂಕಿ ತೂಕಡಿಸುತ್ತದಂತೆ! ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವಳಾದರೂ ಅಷ್ಟು ಸುಳ್ಳು ನನಗೆ ತಿಳಿಯುತ್ತದೆ. ನಿನ್ನ ಮಾವನ ಮುಖ ನೋಡಿದೆ. ಜನವರಿಯಲ್ಲಿ ಕಾಗದ ಅಂಚೆಗೆ ಹಾಕಿ ಬಂದ ದಿನದಿಂದ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ಕೇಳುವುದು ಬೇಡ ಎಂದುಕೊಂಡೆ. ಸಾಸಿವೆ ಡಬ್ಬಿ ತೆಗೆದೆ.

ಕಿವಿಗೆ ಹಾಕಿಕೊಂಡ ಕೂಡಲೇ ಯಾರೋ ನನ್ನ ಮೇಲೆ ಟ್ರ್ಯಾಕ್ಟರ್ ಹತ್ತಿಸಿದ ಹಾಗಾಯಿತು. ಎದ್ದು ಬಾಗಿಲಿಗೆ ಓಡಿದೆ. ಓಣಿ ಖಾಲಿ. ಹಿಂದಿರುಗಿ ನೋಡಿದರೆ ಆ ಡಬ್ಬಿ! ಅಯ್ಯೋ ಜಯಶ್ರೀ, ಅದು ಗಿರಣಿಯಲ್ಲ, ಭತ್ತದ ಮಿಲ್ಲು. ಇಷ್ಟು ದಿನ ಇದರ ಪಕ್ಕದಲ್ಲಿ ಮಲಗಿದ್ದ ಮನುಷ್ಯನನ್ನು ಹೊಟ್ಟೆಕಿಚ್ಚಿನವನು ಎಂದೆನಲ್ಲ. ಹೋಗಿ ಅವರಿಗೆ ಚಹಾ ಮಾಡಿಕೊಟ್ಟೆ. ಚಹಾ ಕುದಿಯುವುದೂ ಕೇಳಿಸಿತು. ಅವರು ಬಸಿಯಲ್ಲಿ ಹಾಕಿ ಸೊರ್ರೆಂದು ಕುಡಿಯುವುದೂ ಕೇಳಿಸಿತು, ಅದೊಂದು ಕೇಳದಿದ್ದರೂ ನಡೆಯುತ್ತಿತ್ತು. "ಕೇಳಸ್ತೈತೇನ?" ಎಂದು ಪಿಸುಮಾತಲ್ಲಿ ಕೇಳಿದರು. "ಕೇಳಸ್ತೈತಿ, ಒದರಬ್ಯಾಡ್ರಿ" ಎಂದೆ. ಇಬ್ಬರೂ ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆವು.

ಆಮೇಲೆ ನೀನು ಹೇಳಿದ ಕೆಲಸ. 'ಬೀಗರು' ಫೋಲ್ಡರಿನಲ್ಲಿ ಮೂರು ಮನೆಗಳಿವೆ: ಕುರುಗೋಡು, ತೆಕ್ಕಲಕೋಟೆ, ಸಿರುಗುಪ್ಪ. ಆ ಆ ಮನೆಯವರನ್ನು ಕಿಚಾಯಿಸುವ ಹಾಡು ಆ ಆ ಮನೆಯಲ್ಲಿ. ಮೊದಲು ಕುರುಗೋಡು ಎತ್ತಿದೆ. ಸದ್ದು ಹಾಗೇ. ಅದನ್ನಿಟ್ಟು ಸಿರುಗುಪ್ಪ ಎತ್ತಿದೆ. ಹೂಂಂಂ ಎಂದು ಎಳೆಯುತ್ತಿದ್ದುದು ನಿಧಾನಕ್ಕೆ ಇಳಿದು, ತೊಟ್ಟಿಲಲ್ಲಿ ಕೂಸು ನಿದ್ದೆ ಹೋದ ಹಾಗೆ ನಿಂತಿತು. ಸಿಕ್ಕಿತು, ಗಿಡ್ಡಮ್ಮನ ಮನೆಯದೇ ಕಿತಾಪತಿ ಎಂದು ಹಿಗ್ಗಿದೆ. ಮರಳಿ ಇಟ್ಟರೆ ಮತ್ತೆ ಮಿಲ್ಲು. ಸುಮ್ಮನೆ ಇರಲಿ ಎಂದು ತೆಕ್ಕಲಕೋಟೆಯನ್ನೂ ಎತ್ತಿ ನೋಡಿದೆ. ಆಗಲೂ ನಿಂತಿತು! ಒಂದು ಕಳ್ಳತನಕ್ಕೆ ಇಬ್ಬರು ಕಳ್ಳರೇ? ನಮ್ಮ ತವರನ್ನು ಗಿಡ್ಡಮ್ಮನ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ನೀನೇ ಬಿಡಿಸು.

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ, ಹಾಡಿನದಲ್ಲ. ಒಂದೇ ಫೋಲ್ಡರನ್ನು ಎರಡು ಕಡೆ ಇಡಬೇಡಿ, ಲಿಂಕ್ ಮಾಡಿ, ಬಾಣದ ಗುರುತು ಬರುತ್ತದೆ ಎಂದು ನೀನೇ ಕಲಿಸಿದ್ದೆ. ನಾನು ಬೀಗತನಕ್ಕೆಲ್ಲ ಬಾಣ ಹಾಕಿದ್ದೇನೆ. ಯಾವ ಮನೆಯಿಂದ ಯಾವ ಮನೆಗೆ ಹೆಣ್ಣು ಕೊಟ್ಟರೋ ಆ ಕಡೆಗೆ ಬಾಣ. ತವರು ತೆರೆದರೆ ಗಂಡನ ಮನೆಯ ಹಾಡೂ ಕೈಗೆ ಸಿಗಲಿ ಎಂದು. ಇದಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ?

ದೊಡ್ಡಬಸಮ್ಮ


ಬಳ್ಳಾರಿ
8 ಫೆಬ್ರವರಿ 2025

ಅತ್ತೆ!

ನಿಮ್ಮ ಕಾಗದ ಅಂಗಡಿಯಲ್ಲೇ ಓದಿದೆ. ಗಿರಾಕಿಗಳ ಎದುರಿಗೇ ಒಂದು ಸಲ ಕಣ್ಣೊರೆಸಿಕೊಂಡೆ, ಒಂದು ಸಲ ಜೋರಾಗಿ ನಕ್ಕೆ. ಕೆಮ್ಮಿನ ಔಷಧಿ ಕೇಳಿದವರಿಗೆ ಏನು ಕೊಟ್ಟೆನೋ.

ಸಂಬಂಧವಿದೆಯೇ ಎಂದು ಕೇಳಿದಿರಲ್ಲ, ಸಂಬಂಧವೇ ಕಾರಣ! ನನ್ನನ್ನು ತೆಕ್ಕಲಕೋಟೆಯಿಂದ ಸಿರುಗುಪ್ಪಕ್ಕೆ ಕೊಟ್ಟರು. ಅದೇ ಹಂದರದಲ್ಲಿ ನನ್ನ ನಾದಿನಿ ಗೌತಮಿಯನ್ನು ಸಿರುಗುಪ್ಪದಿಂದ ತೆಕ್ಕಲಕೋಟೆಗೆ, ನಮ್ಮ ಮಾರೇಶಣ್ಣನಿಗೆ ತಂದರು. ಕೊಟ್ಟು ತಂದ ಬೀಗತನ. ಅಂದರೆ ನಿಮ್ಮ ಲೆಕ್ಕದಲ್ಲಿ ಅಲ್ಲಿಂದ ಇಲ್ಲಿಗೊಂದು ಬಾಣ, ಇಲ್ಲಿಂದ ಅಲ್ಲಿಗೊಂದು ಬಾಣ.

ಹಳೆಯ ಹುಡುಕುವವನು ಬಾಣ ಕಂಡರೆ ದಾಟಿ ಮುಂದೆ ಹೋಗುತ್ತಿದ್ದ. ಅಪ್‌ಡೇಟಿನಲ್ಲಿ ಬಂದ ಹೊಸಬ ಬಾಣ ತೋರಿದಲ್ಲಿಗೆಲ್ಲ ಹೋಗಿ ಓದುತ್ತಾನೆ. ತೆಕ್ಕಲಕೋಟೆ ಓದಿದ, ಬಾಣ ಹಿಡಿದು ಸಿರುಗುಪ್ಪಕ್ಕೆ ಬಂದ. ಅದನ್ನು ಓದಿದ, ಬಾಣ ಹಿಡಿದು ತೆಕ್ಕಲಕೋಟೆಗೆ ಬಂದ. ಇದು ಬೇರೆ ತೆಕ್ಕಲಕೋಟೆ ಇರಬೇಕೆಂದು ಮತ್ತೆ ಓದಿದ. ಹೊಸ ವರ್ಷದಿಂದ ಹೀಗೇ ಬೀಗರ ಮನೆ ಸುತ್ತುತ್ತಿದ್ದಾನೆ, ಊಟವಿಲ್ಲ ನಿದ್ದೆಯಿಲ್ಲ. ಎರಡರಲ್ಲಿ ಯಾವ ಮನೆ ತೆಗೆದರೂ ದಾರಿ ಕಡಿಯುತ್ತದೆ, ಅವನು ನಿಲ್ಲುತ್ತಾನೆ. ಅದಕ್ಕೇ ನಿಮಗೆ ಇಬ್ಬರು ಕಳ್ಳರು ಕಂಡದ್ದು. ತವರಿನ ತಪ್ಪೂ ಇಲ್ಲ, ನಮ್ಮತ್ತೆಯ ತಪ್ಪೂ ಇಲ್ಲ.

ಮದ್ದು ಸುಲಭ. ಬಾಣಗಳನ್ನು ಅಳಿಸಿಬಿಡಿ. ಹಾಡು ಅಳಿಯುವುದಿಲ್ಲ, ಬಾಣ ಮಾತ್ರ ಹೋಗುತ್ತದೆ.

ಜಯಶ್ರೀ


ಕುರುಗೋಡು
10 ಫೆಬ್ರವರಿ 2025

ಜಯಶ್ರೀ,

ಔಷಧಿ ಅಂಗಡಿಯವಳು ಕೊಡುವ ಮದ್ದೇ ಇದು? ಮದುವೆ ಎದುರಿಗಿಟ್ಟುಕೊಂಡು ಬೀಗತನದ ಬಾಣ ಅಳಿಸು ಎನ್ನುತ್ತೀ! ನಿನ್ನ ಬಾಣ ಅಳಿಸಲೇ, ಗೌತಮಿಯದು ಅಳಿಸಲೇ? ಭಾಗ್ಯಳ ಬಾಣವನ್ನು ಮೊನ್ನೆ ತಾನೇ ಅರಿಶಿನ ಹಚ್ಚಿದ ಕೈಯಲ್ಲಿ ಹಾಕಿದ್ದೇನೆ. ನನ್ನ ಬೆರಳು ಆ ಗುಂಡಿಯ ಮೇಲೆ ಹೋಗಲೊಲ್ಲದು.

ಊಟ ಮಾಡುತ್ತಾ ಯೋಚಿಸಿದೆ. ಮದುವೆಯಲ್ಲಿ ನಾವೇನು ಮಾಡುತ್ತೇವೆ? ಎಲ್ಲ ಬೀಗರನ್ನೂ ಅವರವರ ಮನೆಗೆ ಹೋಗಿ ಹುಡುಕುತ್ತೇವೆಯೇ? ಒಂದು ಹಂದರ ಹಾಕುತ್ತೇವೆ, ಎಲ್ಲರೂ ಅಲ್ಲಿಗೇ ಬರುತ್ತಾರೆ. ಕೈ ತೊಳೆದು ಬಂದವಳೇ 'ಹಂದರ' ಎಂದು ಹೊಸ ಫೋಲ್ಡರು ಮಾಡಿದೆ. ಮೂರೂ ಮನೆಯ ಹಾಡನ್ನೆಲ್ಲ ಎತ್ತಿ ಅದರಲ್ಲಿ ಕೂರಿಸಿದೆ. ಖಾಲಿ ಮನೆಗಳು ಹಾಗೇ, ಬಾಣಗಳೂ ಹಾಗೇ. ಭಾಗ್ಯ ಹೇಳಿದ ಸೆಟ್ಟಿಂಗಿಗೆ ಹೋಗಿ, ಬೀಗರ ಮನೆಗಳಿಗೆ ಕಾಲಿಡಬೇಡ, ಹಂದರದಲ್ಲಿ ಮಾತ್ರ ಹುಡುಕು ಎಂದು ಅವನಿಗೆ ಹೇಳಿದೆ.

ಫ್ಯಾನು ಇಳಿಯಿತು. ಇಳಿದು ನಿಂತ ಮೇಲೆ ಮನೆಯಲ್ಲಿ ಎಷ್ಟು ಸದ್ದುಗಳಿವೆ ಜಯಶ್ರೀ! ಬೆಕ್ಕು ಬೇಸರದಿಂದ ಡಬ್ಬಿ ಬಿಟ್ಟು ಇಳಿದದ್ದು ಕೇಳಿಸಿತು. ನಿಮ್ಮ ಮಾವನ ಗೊರಕೆ, ಅದು ಗಿರಣಿ ನೋಡು.

ಕೂತ ಹಾಗೇ ಕೂತು ಪುಸ್ತಕ ಮುಗಿಸಿದೆ. ಪೆನ್‌ಡ್ರೈವನ್ನು ಬಟ್ಟೆಯ ಚೀಲದಲ್ಲಿಟ್ಟು ಬಾಯಿ ಹೊಲಿದು ನಿಮ್ಮ ಮಾವನ ಕೈಲಿ ಬಳ್ಳಾರಿಯ ಪ್ರೆಸ್ಸಿಗೆ ಕಳಿಸುತ್ತಿದ್ದೇನೆ. ನಿಮ್ಮ ಮನೆಗೆ ಒಗ್ಗಾಣಿ ಮಿರ್ಚಿ ತಿನ್ನಲು ಬರುತ್ತಾರೆ. ಹೊಲಿಗೆ ಬಿಚ್ಚಿದರೆ ಗೊತ್ತಾಗುತ್ತದೆ.

ಹಿಂದೆ ಕೂರುವ ಮಾತು ಇನ್ನೂ ಹಾಗೇ ಇದೆ. ಮನೆಯ ಗೊರಕೆ ಕೇಳುವುದು ಬೇರೆ. ತುಂಬಿದ ಹಂದರದಲ್ಲಿ, ನೂರು ಜನರ ಗದ್ದಲದಲ್ಲಿ ಗಿಡ್ಡಮ್ಮನ ಪದ ಹಿಡಿಯುತ್ತೇನೆಂದು ನನಗೇ ನಂಬಿಕೆಯಿಲ್ಲ. ಎಲ್ಲರೆದುರು 'ಏನಂದಿ' ಎಂದು ಕೇಳಿ ನಗೆಪಾಟಲಾಗಲಾರೆ. ಹುಡುಗಿಯರು ಹಾಡಲಿ.

ದೊಡ್ಡಬಸಮ್ಮ


ಬಳ್ಳಾರಿ
12 ಫೆಬ್ರವರಿ 2025

ಅತ್ತೆ,

ಹಂದರದ ಉಪಾಯ ನನಗೆ ಹೊಳೆದಿರಲಿಲ್ಲ. ಒಪ್ಪಿದೆ, ಕೈಮುಗಿದೆ. ಹೊಲಿಗೆ ಬಿಚ್ಚಲಿಲ್ಲ, ಆದರೆ ಚೀಲವನ್ನು ಬೆಳಕಿಗೆ ಹಿಡಿದು ನೋಡಿದೆವು. ಏನೂ ಕಾಣಲಿಲ್ಲ.

ಎಲ್ಲಿ ಬೇಕಾದರೂ ಕೂರಿ. ಕಿವಿಯದನ್ನು ಮಾತ್ರ ಸಾಸಿವೆ ಡಬ್ಬಿಯಲ್ಲಿ ಬಿಟ್ಟು ಬರಬೇಡಿ.

ಜಯಶ್ರೀ


ಕುರುಗೋಡು
19 ಫೆಬ್ರವರಿ 2025

ಜಯಶ್ರೀ,

ನಡೆದದ್ದಕ್ಕೆಲ್ಲ ನೀನೇ ಸಾಕ್ಷಿ. ಆದರೂ ಬರೆಯುತ್ತೇನೆ, ಏಕೆಂದರೆ ನಿನಗೆ ಕಂಡದ್ದು ಎದುರು ಸಾಲಿನಿಂದ.

ಮದುವೆಯ ಹಿಂದಿನ ದಿನ ನಿಮ್ಮ ಸಿರುಗುಪ್ಪದ ಮನೆಗೆ ಬಂದಾಗ ನಾನು ಅಡುಗೆಮನೆಯ ಗೋಡೆಯಾಚೆ ಕೂತು ಹೂ ಕಟ್ಟುತ್ತಿದ್ದೆ. ಗಿಡ್ಡಮ್ಮ ಮಾತಿನ ಭರದಲ್ಲಿ ಸಾರಿಗೆ ಎರಡನೇ ಸಲ ಉಪ್ಪು ಹಾಕಿದಳು. ನೀನು ಹಲ್ಲು ಕಚ್ಚಿ, "ಈ ಅತ್ತಿ ಕೈಗೆ ಉಪ್ಪಿನ ಡಬ್ಬಿ ಕೊಟ್ಟವರು ಯಾರ" ಎಂದು ಗೊಣಗಿದೆ. ಕೇಳಿಸಿತು. ಇನ್ನೊಂದು ಮೊಳ ಹೂ ಕಟ್ಟಿದೆ.

ಹಂದರದಲ್ಲಿ ಹಿಂದೆಯೇ ಕೂತೆ. ನಮ್ಮ ಹುಡುಗಿಯರು ಪುಸ್ತಕ ಹಿಡಿದು ಚೆನ್ನಾಗಿಯೇ ಶುರು ಮಾಡಿದರು. ಮೂಗುತಿಗೆ ಮೂಗುತಿ, ಹೋಳಿಗೆಗೆ ಹೋಳಿಗೆ. ಆಗ ಗಿಡ್ಡಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯರ ತಲೆ ದಾಟಿ ನೇರ ನನ್ನ ಕಡೆಗೆ ಕೈ ತೋರಿ ಹಾಡಿದಳು:

ಕುರುಗೋಡ ಬೀಗತಿ ಕಂಪ್ಯೂಟರ ಕಲತಾಳ
ಕುಂತಲ್ಲೆ ಲೋಕ ನೋಡ್ಯಾಳ, ನಾ ಬಂದು
ಕೂಗಿದರ ಯಾಕ ಓ ಅನ್ನಳ?

ಹುಡುಗಿಯರು ಪುಸ್ತಕದ ಹಾಳೆ ತಿರುವಿದರು, ತಿರುವಿದರು. ಇದಕ್ಕೆ ಉತ್ತರ ಯಾವ ಪುಟದಲ್ಲೂ ಇಲ್ಲ, ಬರೆದವಳು ನಾನಲ್ಲವೇ, ನನಗೆ ಗೊತ್ತು. ನಿಮ್ಮ ಕಡೆಯವರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಭಾಗ್ಯ ಬಾಸಿಂಗ ಕಟ್ಟಿದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ನಿಮ್ಮ ಮಾವ ಹುಗ್ಗಿಯ ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು.

ನನಗೋ, ಒಂದೊಂದು ಅಕ್ಷರವೂ ಕೇಳಿತ್ತು. ಎದ್ದೆ. ಪದ ತಾನಾಗಿಯೇ ಬಂತು:

ಕೂಗಿದ್ದು ಕೇಳೇತಿ, ಕೊಂಕಿದ್ದು ಕೇಳೇತಿ
ಸಾರಿಗೆ ಉಪ್ಪು ಸುರುವಾಗ, ಗಿಡ್ಡಮ್ಮ
ಸೊಸಿ ಗೊಣಗಿದ್ದೂ ಕೇಳೇತಿ!

ಆಮೇಲೆ ಹಂದರ ಹೇಗೆ ಹಾರಿತೆಂದು ನೀನೇ ನೋಡಿದೆ. ನಿನ್ನ ಮುಖ ಕೆಂಪು ಮೆಣಸಿನಕಾಯಿ. ಗಿಡ್ಡಮ್ಮ ನಿನ್ನ ಕಡೆ ತಿರುಗಿ, "ಯವ್ವಾ, ನೀ ಅಂದೀ?" ಎಂದು, ಉತ್ತರಕ್ಕೂ ಕಾಯದೆ ನಗು ತಡೆಯಲಾರದೆ ನೆಲಕ್ಕೇ ಕೂತಳು. ಆಮೇಲೆ ಬಂದು ನನ್ನ ಕೈ ಹಿಡಿದು ಮುಂದಿನ ಸಾಲಿಗೆ ಎಳೆದೊಯ್ದಳು. "ಬಾರ ಬೀಗತಿ, ನೀ ಹಿಂದ ಕುಂತರ ನಾ ಯಾರ ಮ್ಯಾಲ ಹಾಡಲಿ?" ಎಂದಳು. ಸಂಜೆಯವರೆಗೆ ಇಬ್ಬರೂ ಬಿಡಲಿಲ್ಲ. ಪುಸ್ತಕಗಳನ್ನು ಹುಡುಗಿಯರು ಬೀಸಣಿಗೆ ಮಾಡಿಕೊಂಡರು. ಡಿಜೆಯವನು ಎರಡು ಸಲ ಬಂದು ನೋಡಿ ಹೋಗಿ ಮಲಗಿದ.

ಈಗ ನಿನಗೊಂದು ಪ್ರಶ್ನೆ. ಕೂಗಿದರೆ ಓ ಅನ್ನುವುದಿಲ್ಲ ಎಂಬ ಸಂಗತಿ ಗಿಡ್ಡಮ್ಮನಿಗೆ ಹೇಗೆ ತಿಳಿಯಿತು? ಆ ಪದ ಕಟ್ಟಿದ ಕೈ ಅವಳದಲ್ಲ. ಅದರ ನಡೆ ತೆಕ್ಕಲಕೋಟೆಯ ಹಿತ್ತಲಿನದು, ನಾನೇ ತಿದ್ದಿದ್ದು. ನೀನು ಬೇಕೆಂದೇ ನನ್ನ ಕಿವಿಗೇ ಗುರಿಯಿಟ್ಟೆ, ನಾನು ಹಿಡಿಯುತ್ತೇನೆಂದು ಗೊತ್ತಿದ್ದೇ ಎಸೆದೆ. ಉತ್ತರ ಬರೆಯಬೇಡ, ನನಗೆ ಗೊತ್ತಾಗಿದೆ. ಸಾರಿನ ಪದ ಮಾತ್ರ ನೀನು ನಿರೀಕ್ಷಿಸಿರಲಿಲ್ಲ, ಅಲ್ಲವೇ? ಲೆಕ್ಕ ಸರಿಹೋಯಿತು.

ಇವತ್ತು ಪರದೆಯ ಮೂಲೆಯಲ್ಲಿ ಮತ್ತೆ ಆ ಚೀಟಿ ಬಂದಿದೆ, ಹೊಸ ಅಪ್‌ಡೇಟ್ ಹಾಕಿಕೊಳ್ಳಲೇ ಎಂದು. ಒತ್ತಲೇ, ಬೇಡವೇ? ಇದನ್ನು ಕಾಗದದಲ್ಲಿ ಬರೆಯುತ್ತಾ ಕೂರಬೇಡ, ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನತ್ತೆ,
ದೊಡ್ಡಬಸಮ್ಮ